ಆರೋಗ್ಯ ಶಿಬಿರದಲ್ಲಿ ತಲೆನೋವಿಗೂ ಒಂದು ಮೇಜು ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಮೈಗ್ರೇನ್ ಬಗ್ಗೆ ಇಡೀ ಒಂದು ಪುಟ ಬಂದಿತ್ತು. ಚೆನ್ನಾಗಿತ್ತು. ಮಾತ್ರೆ, ನಿದ್ದೆ, ಊಟದ ಹೊತ್ತು ತಪ್ಪಿಸಬಾರದು ಅನ್ನುವುದು, ಎಲ್ಲ ಸರಿಯಾಗೇ ಬರೆದಿದ್ದೀರಿ. ಕೊನೆಗೆ ಬಂದ ಒಂದು ವಾಕ್ಯದ ಬಗ್ಗೆ ಮಾತ್ರ ನನ್ನ ತಕರಾರು. ಬಯೋಫೀಡ್‌ಬ್ಯಾಕ್ ಅನ್ನುವ ಯಂತ್ರದ ಚಿಕಿತ್ಸೆಯೂ ಉಂಟು, ಆದರೆ ವಿದೇಶಿ, ದುಬಾರಿ, ದೊಡ್ಡ ಆಸ್ಪತ್ರೆಗೆ ಹೋಗುವವರಿಗೆ ಮಾತ್ರ ಅಂತ ಬರೆದು ಕೈ ತೊಳೆದುಕೊಂಡಿದ್ದೀರಿ. ಸದ್ಯಕ್ಕೆ ಮುಂಬೈಯಲ್ಲಿ ಹೆಚ್ಚುಕಡಿಮೆ ಹಾಗೇ ಇದೆ, ಇಲ್ಲ ಅನ್ನುವುದಿಲ್ಲ. ಹಾಗೇ ಇರಬೇಕಾಗಿಲ್ಲ ಅನ್ನುವುದಕ್ಕೆ ಈ ಪತ್ರ. ಉದ್ದ ಆಗುತ್ತದೆ. ನಡುವೆ ಎಲ್ಲಿ ಬೇಕಾದರೂ ಕತ್ತರಿಸಿ, ಕೊನೆಯ ಭಾಗ ಮಾತ್ರ ಬಿಡಬೇಡಿ.

ನಾನು ಡೊಂಬಿವಲಿಯವಳು. ಫೋರ್ಟ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಮೈಗ್ರೇನ್ ಕಾಲೇಜು ದಿನಗಳಿಂದ ಇದೆ. ಅಮ್ಮನಿಗೂ ಇತ್ತು. ಅವರು ತಲೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದರು, ಮನೆಯಲ್ಲಿ ಅದಕ್ಕೆ ‘ಪಿತ್ತ ಏರಿದೆ’ ಅನ್ನುತ್ತಿದ್ದೆವು. ನನಗೆ ಡಾಕ್ಟರು ಮಾತ್ರೆ ಕೊಟ್ಟರು, ಈಗಲೂ ಕೊಡುತ್ತಾರೆ, ಈಗಲೂ ತೆಗೆದುಕೊಳ್ಳುತ್ತೇನೆ. ಅದರ ಜೊತೆಗೆ ಬಯೋಫೀಡ್‌ಬ್ಯಾಕ್ ಕಲಿತೆ. ಮಾತ್ರೆ ಕೆಟ್ಟದ್ದು, ಇದೊಂದೇ ಒಳ್ಳೆಯದು ಅಂತ ಹೇಳುವ ಪತ್ರ ಇದಲ್ಲ. ಅಂಥವು ವಾಟ್ಸ್‌ಆಪ್‌ನಲ್ಲಿ ಬೇಕಾದಷ್ಟು ಬರುತ್ತವೆ.

ಮೊದಲನೆಯದಾಗಿ, ಇಲ್ಲಿ ಯಂತ್ರ ಚಿಕಿತ್ಸೆ ಕೊಡುವುದೇ ಇಲ್ಲ. ಕರೆಂಟ್ ಹಾಯಿಸುವುದಿಲ್ಲ, ಮೈಯೊಳಗೆ ಏನೂ ಹೋಗುವುದಿಲ್ಲ. ಮೈಯಲ್ಲಿ ನಡೆಯುತ್ತಿದ್ದರೂ ನಮಗೆ ಗೊತ್ತಾಗದ ಒಂದು ಸಂಗತಿಯನ್ನು ಅಳೆದು ತೋರಿಸುತ್ತದೆ, ಅಷ್ಟೇ. ಬೆರಳಿನ ತುದಿ ಎಷ್ಟು ಬೆಚ್ಚಗಿದೆ, ಹಣೆಯ ಸ್ನಾಯು ಎಷ್ಟು ಬಿಗಿದಿದೆ, ಇಂಥವು. ಅದನ್ನು ನೋಡುತ್ತಾ ನೋಡುತ್ತಾ ಬದಲಾಯಿಸುವುದನ್ನು ನಾವೇ ಕಲಿಯುತ್ತೇವೆ. ಕಲಿತಾದ ಮೇಲೆ ಯಂತ್ರ ಬೇಡ. ಈಜು ಬಂದವರಿಗೆ ಟ್ಯೂಬ್ ಬೇಡವಲ್ಲ, ಹಾಗೆ.

ತಲೆನೋವಿಗೂ ಬೆರಳಿಗೂ ಏನು ಸಂಬಂಧ ಅಂತ ನನಗೂ ಅನಿಸಿತ್ತು. ಗಾಬರಿ, ಅವಸರ, ಒತ್ತಡ ಇದ್ದಾಗ ಸಿಂಪಥೆಟಿಕ್ ನರಗಳು ಚುರುಕಾಗಿ ಬೆರಳಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ರಕ್ತ ಕಡಿಮೆ ಹರಿಯುತ್ತದೆ, ಬೆರಳು ತಣ್ಣಗಾಗುತ್ತದೆ. ಮೈ ಸಡಿಲವಾದರೆ ನಾಳ ಅಗಲವಾಗಿ ಬೆರಳು ಬೆಚ್ಚಗಾಗುತ್ತದೆ. ಅಂದರೆ ಬೆರಳಿನ ಬಿಸಿ ನೋಡಿದರೆ ಒಳಗಿನ ಬಿಗಿತದ ಒಂದು ಅಂದಾಜು ಸಿಗುತ್ತದೆ. 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ತಲುಪಿ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ.

ಕಲಿಯುವಾಗ ಒಂದು ವಿಚಿತ್ರ ಎದುರಾಗುತ್ತದೆ. ಬೆರಳಿಗೆ ಸೆನ್ಸರ್ ಅಂಟಿಸುತ್ತಾರೆ, ಎದುರಿಗೆ ಪರದೆಯಲ್ಲಿ ಅಂಕಿ ಕಾಣುತ್ತದೆ. ಏರಬೇಕು, ಏರಬೇಕು ಅಂತ ಹಲ್ಲು ಕಚ್ಚಿ ಕೂತರೆ ಅದು ಇಳಿಯುತ್ತದೆ. ಜಾಸ್ತಿ ಹಟ ಮಾಡಿದಷ್ಟೂ ಇನ್ನೂ ಇಳಿಯುತ್ತದೆ. ನುಗ್ಗಿ ಸೀಟು ಹಿಡಿಯುವ ನಮ್ಮ ಮುಂಬೈ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸೋತು, ಬೇಜಾರಾಗಿ, ಏನಾದರೂ ಆಗಲಿ ಅಂತ ಸುಮ್ನೆ ಕೂತಾಗ ಅಂಕಿ ತಾನಾಗಿ ಮೇಲೆ ಹೋಗುವುದನ್ನು ಕಣ್ಣಾರೆ ನೋಡುತ್ತೇವೆ. ಸಡಿಲ ಬಿಡುವುದು ಅಂದರೆ ಏನು ಅಂತ ಆಗ ಮೈಗೆ ಅರ್ಥವಾಗುತ್ತದೆ. ‘ಟೆನ್ಷನ್ ಮಾಡ್ಕೋಬೇಡ’ ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ ಅಲ್ವಾ? ನನಗೆ ಹೇಳಿಕೊಟ್ಟದ್ದು ಆ ಅಂಕಿಯೇ.

ಇದರ ಜೊತೆಗೆ ಮನಸ್ಸಿನಲ್ಲೇ ಹೇಳಿಕೊಳ್ಳಲು ಒಂದೆರಡು ಸಣ್ಣ ಮಾತು ಕೊಡುತ್ತಾರೆ. ಕೈ ಭಾರವಾಗುತ್ತಿದೆ, ಕೈ ಬೆಚ್ಚಗಾಗುತ್ತಿದೆ, ಹೀಗೆ. ಇದು ಜರ್ಮನ್ ವೈದ್ಯ ಯೊಹಾನೆಸ್ ಶುಲ್ಟ್ಸ್ 1930ರ ದಶಕದಲ್ಲಿ ಪರಿಚಯಿಸಿದ ಆಟೋಜೆನಿಕ್ ಅಭ್ಯಾಸ. ಭುಜಕ್ಕೂ ಸೆನ್ಸರ್ ಹಾಕಿದ್ದರು. ಬ್ಯಾಗ್ ನೇತುಹಾಕುವ ಬಲ ಭುಜ, ಬ್ಯಾಗ್ ಇಲ್ಲದಾಗಲೂ ಬಿಗಿದೇ ಇತ್ತು. ನನಗೆ ಅದು ಗೊತ್ತೇ ಇರಲಿಲ್ಲ, ಭುಜ ಆರಾಮಾಗಿದೆ ಅಂತಲೇ ಅಂದುಕೊಂಡಿದ್ದೆ.

ಮುಂಬೈಯವರಿಗೆ ಒಂದು ಕಿವಿಮಾತು. ಮೇ ತಿಂಗಳ ಸೆಖೆಯಲ್ಲಿ ಏನೂ ಮಾಡದೆಯೇ ಬೆರಳು ಬೆಚ್ಚಗಿರುತ್ತದೆ. ಎಸಿ ಆಫೀಸಿನಲ್ಲಿ ಏನು ಮಾಡಿದರೂ ತಣ್ಣಗಿರುತ್ತದೆ. ಅದಕ್ಕೇ ಹೊರಗಿನಿಂದ ಬಂದ ಕೂಡಲೇ ಅಳೆಯಬಾರದು, ರೂಮಿಗೆ ಮೈ ಹೊಂದಿಕೊಳ್ಳುವವರೆಗೆ ಕೂರಬೇಕು. ಇಲ್ಲದಿದ್ದರೆ ಅಳೆದದ್ದು ಮುಂಬೈಯ ಹವೆ, ನಮ್ಮ ನರ ಅಲ್ಲ.

ತರಬೇತಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಸಲ ಇರುತ್ತದೆ. ನಡುವೆ ಮನೆಯಲ್ಲಿ ದಿನಾ ಹದಿನೈದು ಇಪ್ಪತ್ತು ನಿಮಿಷ ಅಭ್ಯಾಸ. ಈ ಮನೆಯ ಅಭ್ಯಾಸವೇ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ನಾನು ಲೋಕಲ್ ರೈಲು ಠಾಣೆ ಸ್ಟೇಷನ್ ದಾಟಿದ ಮೇಲೆ ಲೇಡೀಸ್ ಡಬ್ಬದಲ್ಲಿ ಕಣ್ಣು ಮುಚ್ಚಿ ಮಾಡುತ್ತೇನೆ. ಪಕ್ಕದಲ್ಲಿ ಭಜನೆ ನಡೆದಿರುತ್ತದೆ, ಎದುರಿಗೆ ಸೊಪ್ಪು ಸೋಸುತ್ತಿರುತ್ತಾರೆ, ಯಾರೂ ಕೇಳುವುದಿಲ್ಲ. ನನಗೆ ಮೈಗ್ರೇನ್ ವಾಸಿಯಾಗಿಲ್ಲ. ಬರುವುದು ಕಡಿಮೆಯಾಗಿದೆ, ಮಾತ್ರೆ ಕಡಿಮೆಯಾಗಿದೆ. ಒಮ್ಮೆ ಪೂರ್ತಿ ಹಿಡಿದುಕೊಂಡ ಮೇಲೆ, ವಾಂತಿ ಶುರುವಾದ ಮೇಲೆ, ಬೆರಳು ಬೆಚ್ಚಗೆ ಮಾಡುತ್ತಾ ಕೂತರೆ ಏನೂ ಪ್ರಯೋಜನವಿಲ್ಲ. ಇದು ಬರದಂತೆ ತಡೆಯುವ ಅಭ್ಯಾಸ, ಬಂದದ್ದನ್ನು ಓಡಿಸುವುದಲ್ಲ.

ಇನ್ನು ವಿದೇಶಿ ಅನ್ನುವ ಮಾತಿಗೆ ಬರುತ್ತೇನೆ. ಅಮೆರಿಕದ ಕಾನ್ಸಾಸ್ ರಾಜ್ಯದ ಟೊಪೀಕಾ ಊರಿನಲ್ಲಿ ಮೆನಿಂಜರ್ ಫೌಂಡೇಷನ್ ಅಂತ ಇತ್ತು. ಅಲ್ಲಿ ಎಲ್ಮರ್ ಗ್ರೀನ್, ಆಲಿಸ್ ಗ್ರೀನ್ ದಂಪತಿ 1960ರ ದಶಕದ ಕೊನೆಯಲ್ಲಿ ಬೇರೇನೋ ಪ್ರಯೋಗ ಮಾಡುತ್ತಿದ್ದಾಗ, ಒಬ್ಬ ಹೆಂಗಸಿನ ಕೈಯ ಬಿಸಿ ಎರಡು ನಿಮಿಷದಲ್ಲಿ ಸುಮಾರು 10 ಡಿಗ್ರಿ ಫ್ಯಾರನ್‌ಹೀಟ್ ಏರಿತು, ಅದೇ ಹೊತ್ತಿಗೆ ಅವರ ಮೈಗ್ರೇನ್ ಬಿಟ್ಟಿತು. ಅಲ್ಲಿಂದ ಶುರುವಾಯಿತು. ಜೋಸೆಫ್ ಸಾರ್ಜೆಂಟ್ ಅನ್ನುವ ವೈದ್ಯರು ಜೊತೆಗೂಡಿ 1970ರ ದಶಕದ ಮೊದಲಲ್ಲಿ ಮೈಗ್ರೇನ್ ರೋಗಿಗಳಿಗೆ ಕೈ ಬೆಚ್ಚಗೆ ಮಾಡುವುದನ್ನು ಕಲಿಸಿ ವರದಿ ಬರೆದರು. ಅದೇ ಪ್ರಯೋಗಶಾಲೆಗೆ 1970ರಲ್ಲಿ ನಮ್ಮ ಯೋಗಿ ಸ್ವಾಮಿ ರಾಮ ಹೋಗಿದ್ದರು. ಒಂದೇ ಅಂಗೈಯ ಎರಡು ಜಾಗಗಳಲ್ಲಿ ಬೇರೆ ಬೇರೆ ಬಿಸಿ ತಂದು ತೋರಿಸಿದರು. ಅದಕ್ಕೂ ಬಹಳ ಹಿಂದೆ, 1924ರಲ್ಲೇ, ಇಲ್ಲೇ ಲೋನಾವಳದಲ್ಲಿ ಸ್ವಾಮಿ ಕುವಲಯಾನಂದರು ಕೈವಲ್ಯಧಾಮ ಕಟ್ಟಿ ಯೋಗಾಭ್ಯಾಸವನ್ನು ಪ್ರಯೋಗಶಾಲೆಯಲ್ಲಿ ಅಳೆಯಲು ಶುರು ಮಾಡಿದ್ದರು. ಎಲ್ಲ ನಮ್ಮಲ್ಲೇ ಇತ್ತು ಅಂತ ಬೀಗುವುದಕ್ಕೆ ಇದನ್ನು ಹೇಳುತ್ತಿಲ್ಲ. ಮೈಯನ್ನು ಅಳೆಯುತ್ತಾ ಅಭ್ಯಾಸ ಮಾಡುವುದು ನಮಗೆ ತೀರಾ ಹೊರಗಿನದಲ್ಲ, ಅಷ್ಟೇ.

ಫಲ ಉಂಟಾ? ಉಂಟು, ಮಿತಿಯಲ್ಲಿ. ಅಮೆರಿಕದ ತಲೆನೋವು ತಜ್ಞರ ಒಕ್ಕೂಟ 2000ದಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮೈಗ್ರೇನ್ ತಡೆಯಲು ರಿಲ್ಯಾಕ್ಸೇಷನ್, ಅದರ ಜೊತೆ ಬೆರಳಿನ ಬಿಸಿಯ ಬಯೋಫೀಡ್‌ಬ್ಯಾಕ್, ಸ್ನಾಯುವಿನ ಬಯೋಫೀಡ್‌ಬ್ಯಾಕ್ ಇವುಗಳಿಗೆ ಮೊದಲ ದರ್ಜೆಯ ಪುರಾವೆ ಇದೆ ಅಂದಿತು. 2007ರಲ್ಲಿ ಜರ್ಮನಿಯ ನೆಸ್ಟೋರಿಯುಕ್ ಮತ್ತು ಮಾರ್ಟಿನ್ ಅನ್ನುವವರು 55 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಮಧ್ಯಮ ಮಟ್ಟದ ಫಲ ಕಂಡಿತು, ಸರಾಸರಿ 17 ತಿಂಗಳು ಕಳೆದ ಮೇಲೂ ಅದು ಉಳಿದಿತ್ತು. ಮಧ್ಯಮ ಅಂದರೆ ಮಧ್ಯಮವೇ. ಪವಾಡ ಅಲ್ಲ. ಮಾತ್ರೆಯ ಜೊತೆ ಸೇರಿದಾಗ ಇಂಥ ತರಬೇತಿಗೆ ಬಲ ಬರುತ್ತದೆ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೆನೆತ್ ಹಾಲ್ರಾಯ್ಡ್ ಮತ್ತು ಜೊತೆಗಾರರ ಒಂದು ಅಧ್ಯಯನ ಬಂತು, 232 ಜನರ ಮೇಲೆ ನಡೆಸಿದ್ದು. ಮೈಗ್ರೇನ್ ತಡೆಯಲು ಕೊಡುವ ಬೀಟಾ ಬ್ಲಾಕರ್ ಮಾತ್ರೆ ಒಂದೇ ಕೊಟ್ಟಾಗ, ಮೈ ಸಡಿಲ ಬಿಡುವಂಥ ನಡವಳಿಕೆಯ ತರಬೇತಿ ಒಂದೇ ಕೊಟ್ಟಾಗ ಅಷ್ಟೇನೂ ಆಗಲಿಲ್ಲ. ಎರಡೂ ಸೇರಿದಾಗ ಮೈಗ್ರೇನ್ ಎದ್ದು ಕಾಣುವಷ್ಟು ಕಡಿಮೆಯಾಯಿತು. ನಮ್ಮ ದೆಹಲಿಯ ಏಮ್ಸ್‌ನಲ್ಲಿ ಯೋಗದ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೂ ಅದನ್ನೇ ಹೇಳುತ್ತದೆ, ಬರೀ ಔಷಧಕ್ಕಿಂತ ಔಷಧದ ಜೊತೆ ಯೋಗ ಮೇಲು. ಹಾಗಾಗಿ ಇದನ್ನು ಓದಿ ಯಾರೂ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಅನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಹೃದಯಕ್ಕೆ ಅಪಾಯವೂ ಇದೆ.

ಈಗ ನನ್ನ ವಾದದ ಮುಖ್ಯ ಜಾಗ. ಕೈಗೆ ರಕ್ತ ಹರಿದರೆ ತಲೆಯ ರಕ್ತ ಇಳಿದು ನೋವು ಹೋಗುತ್ತದೆ ಅಂತ ಮೊದಲು ನಂಬಿದ್ದರು. ಆ ವಿವರಣೆ ಈಗ ನಿಲ್ಲುವುದಿಲ್ಲ. ಮೈಗ್ರೇನ್ ಬರೀ ರಕ್ತನಾಳದ ಕಾಯಿಲೆಯಲ್ಲ, ಮಿದುಳು ಮತ್ತು ಮುಖದ ಟ್ರೈಜೆಮಿನಲ್ ನರದ ಕಾಯಿಲೆ ಅಂತ ಈಗ ತಿಳಿದಿದೆ. ಇನ್ನೂ ಒಂದು ಮಜಾ ಇದೆ. ಅದೇ ಹಾಲ್ರಾಯ್ಡ್ 1984ರಲ್ಲಿ, ಮೈಗ್ರೇನ್ ಅಲ್ಲದ ಟೆನ್ಷನ್ ತಲೆನೋವಿನವರ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಗೊತ್ತಾಗದ ಹಾಗೆ ಸ್ನಾಯು ಬಿಗಿ ಮಾಡುವುದನ್ನೇ ಕಲಿಸಿದರು, ಬಾಯಲ್ಲಿ ಮಾತ್ರ ಸಡಿಲ ಮಾಡುತ್ತಿದ್ದೀರಿ ಅಂದರು. ನೋವು ಯಾರಿಗೆ ಕಡಿಮೆಯಾಯಿತು ಗೊತ್ತಾ? ಸ್ನಾಯು ಸಡಿಲವಾಗಲಿ ಬಿಗಿಯಾಗಲಿ, ಚೆನ್ನಾಗಿ ಕಲಿಯುತ್ತಿದ್ದೀರಿ ಅಂತ ಯಾರಿಗೆ ಹೇಳಿದ್ದರೋ ಅವರಿಗೆ ಜಾಸ್ತಿ. ಇದನ್ನು ಓದಿದವರು ಬಯೋಫೀಡ್‌ಬ್ಯಾಕ್ ಎಲ್ಲ ಸುಳ್ಳು ಅನ್ನುತ್ತಾರೆ. ನನಗೆ ತೋರುವುದೇ ಬೇರೆ. ನನ್ನ ಮೈ ನನ್ನ ಮಾತು ಕೇಳುತ್ತದೆ ಅನ್ನುವ ಧೈರ್ಯ, ಮೈ ಸಡಿಲ ಬಿಡುವ ದಿನನಿತ್ಯದ ಅಭ್ಯಾಸ, ನಿಜಕ್ಕೂ ಫಲ ಕೊಡುವುದು ಇವೆರಡೇ ಆಗಿದ್ದರೆ, ಲಕ್ಷ ರೂಪಾಯಿಯ ಪರದೆ ಯಾಕೆ ಬೇಕು? 1980ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಎಡ್ವರ್ಡ್ ಬ್ಲ್ಯಾಂಚರ್ಡ್ ತಂಡ ಹೀಗೇ ಮಾಡಿ ನೋಡಿತು. ಕ್ಲಿನಿಕ್ಕಿಗೆ ಬರುವುದು ಕೆಲವೇ ಸಲ, ಉಳಿದದ್ದು ಮನೆಯಲ್ಲಿ ಪುಸ್ತಿಕೆ, ಟೇಪು ಇಟ್ಟುಕೊಂಡು. ಫಲ ಕ್ಲಿನಿಕ್ಕಿನ ತರಬೇತಿಯ ಹತ್ತಿರಕ್ಕೇ ಬಂತು.

ಬೆರಳಿನ ಬಿಸಿ ನೋಡಲು ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ, ಉದ್ದ ವೈರಿನ ತುದಿಗೆ ಸೆನ್ಸರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಸಾಕು. ಮೀನಿನ ತೊಟ್ಟಿಗೆ ಹಾಕುತ್ತಾರಲ್ಲ, ಅದೇ. ಕೆಲವು ನೂರು ರೂಪಾಯಿಯ ಮಾತು. ಮನೆಯಲ್ಲಿರುವ ಜ್ವರದ ಪಾದರಸದ ಕಡ್ಡಿ ಆಗುವುದಿಲ್ಲ, ಅದು ಶುರುವಾಗುವುದೇ 35 ಡಿಗ್ರಿಯಿಂದ, ಏರಿದ್ದು ಕೊಡವದೆ ಇಳಿಯುವುದೂ ಇಲ್ಲ. ಇನ್ನು ಏಳು ದಿನದಲ್ಲಿ ಮೈಗ್ರೇನ್ ಮಾಯ ಅಂತ ಹಣೆಗೆ ಕಟ್ಟುವ ಪಟ್ಟಿ ಮಾರುವವರು, ತಿಂಗಳ ಚಂದಾ ಕೇಳುವ ಆಪ್‌ನವರು ಇದ್ದಾರೆ. ಕಲಿಸುವವರಿಲ್ಲದೆ ಬರೀ ಸಾಮಾನು ಕೊಂಡರೆ ಅದು ಕಪಾಟು ಸೇರುತ್ತದೆ.

ದುಬಾರಿಯಾಗಿರುವುದು ಯಂತ್ರ ಅಲ್ಲ, ಕಲಿಸುವವರ ಸಮಯ. ಖಾಸಗಿಯಲ್ಲಿ ಪ್ರತಿ ಸಲವೂ ದುಡ್ಡು. ನಮ್ಮ ಹೆಚ್ಚಿನ ಮೆಡಿಕ್ಲೇಮ್‌ಗಳು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಕೊಡುತ್ತವೆ, ಓಪಿಡಿಗೆ ಕೊಡುವುದಿಲ್ಲ. ಮುನಿಸಿಪಲ್ ಆಸ್ಪತ್ರೆಯ ಓಪಿಡಿಯಲ್ಲಿ ಡಾಕ್ಟರಿಗೆ ಒಬ್ಬರ ಮುಖ ನೋಡಲು ಸಿಗುವ ಸಮಯ ಎಷ್ಟು ಅಂತ ಸಾಲಿನಲ್ಲಿ ನಿಂತವರಿಗೆ ಗೊತ್ತು. ಅವರನ್ನು ಬೈದು ಏನು ಪ್ರಯೋಜನ? ಚೀಟಿ ಬರೆಯುವಷ್ಟು ಹೊತ್ತಿನಲ್ಲಿ ಅವರು ಕೈ ಬೆಚ್ಚಗೆ ಮಾಡುವುದನ್ನು ಕಲಿಸಲಾರರು.

ಈ ನಡುವೆ ನಮ್ಮವರು ಏನು ಮಾಡುತ್ತಿದ್ದಾರೆ? ಮಾತ್ರೆ ನುಂಗುತ್ತಿದ್ದಾರೆ. ನನ್ನ ಚಿಕ್ಕಪ್ಪ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರು. ಚಿಲ್ಲರೆಯ ಡ್ರಾಯರಿನ ಪಕ್ಕದಲ್ಲೇ ತಲೆನೋವಿನ ಮಾತ್ರೆಯ ಸ್ಟ್ರಿಪ್ ಇರುತ್ತಿತ್ತು. ಅಡುಗೆಮನೆಯ ಹೊಗೆ, ಒಗ್ಗರಣೆಯ ಘಾಟು, ರಾತ್ರಿ ಹನ್ನೆರಡರವರೆಗೆ ಕೆಲಸ, ಬೆಳಿಗ್ಗೆ ಐದಕ್ಕೆ ಮತ್ತೆ ಒಲೆ. ಮೈಗ್ರೇನ್ ಇರುವ ಹೋಟೆಲ್ ಹುಡುಗನಿಗೆ ಇದಕ್ಕಿಂತ ಕೆಟ್ಟದ್ದು ಬೇಕಾ? ತಲೆ ಹಿಡಿದುಕೊಂಡು ಬಂದವನಿಗೆ ಚಿಕ್ಕಪ್ಪ ಮಾತ್ರೆಯ ಜೊತೆ ಚಹಾ ಕೊಡುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು. ಆದರೆ ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್, ಎರ್ಗಾಟಮಿನ್ ಅಥವಾ ಎರಡು ಮೂರು ಔಷಧ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಜಾಸ್ತಿ, ಮೂರು ತಿಂಗಳು ಮೀರಿ ತೆಗೆದುಕೊಂಡರೆ ಮಾತ್ರೆಯಿಂದಲೇ ತಲೆನೋವು ಬರುತ್ತದೆ. ಅದಕ್ಕೆ ಮತ್ತೆ ಮಾತ್ರೆ. ಈ ಲೆಕ್ಕ ಗೊತ್ತಿರುವವರು ನಮ್ಮಲ್ಲಿ ಎಷ್ಟು ಜನ? ಔಷಧಿ ಅಂಗಡಿಯವರು ಹೇಳುವುದಿಲ್ಲ. (ಅಮೃತಾಂಜನ ಶುರುವಾದದ್ದೂ ಇದೇ ಬೊಂಬಾಯಿಯಲ್ಲಿ, 1893ರಲ್ಲಿ. ಈ ಊರಿಗೂ ತಲೆನೋವಿಗೂ ಹಳೆಯ ನೆಂಟಸ್ತನ.)

ಮೈಗ್ರೇನ್ ಅಪರೂಪದ್ದು ಅಂದುಕೊಳ್ಳಬೇಡಿ. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಮೈಗ್ರೇನ್ ಬಂದವರು ಶೇ. 25.2. ನಾಲ್ಕು ಜನರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಬಸುರಿಯರಿಗೆ ಹಲವು ಮಾತ್ರೆ ಕೊಡಲು ಆಗುವುದೇ ಇಲ್ಲ, ಅವರಿಗೆ ಇಂಥ ಅಭ್ಯಾಸ ಎಷ್ಟು ಬೇಕು ಯೋಚಿಸಿ. ಮಕ್ಕಳಂತೂ ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಅವರಿಗೆ ಅದು ಆಟ.

ಈಗ ಕೇಳಬೇಕಾದ್ದು. ಮುಂಬೈಯಲ್ಲಿ ಕನ್ನಡದವರ ಸಂಘಗಳಿಗೆ ಕೊರತೆಯಿಲ್ಲ. ಮಾಟುಂಗಾದಿಂದ ಡೊಂಬಿವಲಿ, ಮೀರಾರೋಡ್‌ವರೆಗೆ ವರ್ಷವಿಡೀ ಯಾವುದಾದರೂ ಸಂಘದ ಉಚಿತ ಆರೋಗ್ಯ ಶಿಬಿರ ನಡೆಯುತ್ತಲೇ ಇರುತ್ತದೆ. ಬಿಪಿಗೆ ಒಂದು ಮೇಜು, ಶುಗರ್‌ಗೆ ಒಂದು, ಕಣ್ಣಿಗೆ ಒಂದು, ಆಮೇಲೆ ಉಪ್ಪಿಟ್ಟು ಶಿರಾ, ಗಣ್ಯರ ಸನ್ಮಾನ, ಫೋಟೋ, ಆ ಫೋಟೋ ನಿಮ್ಮ ಪತ್ರಿಕೆಯಲ್ಲಿ. ತಲೆನೋವಿಗೆ ಮೇಜು ನಾನು ಎಲ್ಲೂ ನೋಡಿಲ್ಲ. ಒಂದು ಹಾಕಿ ಅನ್ನುತ್ತೇನೆ. ರಕ್ತ ತೆಗೆಯಬೇಕಾಗಿಲ್ಲ, ಮಿಷನ್ ತರಬೇಕಾಗಿಲ್ಲ. ಮೈಗ್ರೇನ್ ಗುರುತಿಸಲು ಡಾಕ್ಟರುಗಳೇ ಬಳಸುವ ಮೂರು ಪ್ರಶ್ನೆ ಇವೆ. ತಲೆನೋವು ಬಂದಾಗ ಹೊಟ್ಟೆ ತೊಳಸುತ್ತದೆಯಾ? ಬೆಳಕು ಸಹಿಸಲು ಆಗುವುದಿಲ್ಲವಾ? ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ತಲೆನೋವಿನಿಂದ ಕೆಲಸ ನಿಂತಿತ್ತಾ? ಎರಡಕ್ಕೆ ಹೌದು ಅಂದರೆ ಮೈಗ್ರೇನ್ ಇರುವ ಸಾಧ್ಯತೆ ಜಾಸ್ತಿ. ನಾಲ್ಕನೆಯ ಪ್ರಶ್ನೆ ನನ್ನದು. ತಿಂಗಳಲ್ಲಿ ಎಷ್ಟು ದಿನ ಮಾತ್ರೆ?

ಅದೇ ಮೇಜಿನಲ್ಲಿ ಕೂತವರಿಗೆ ಅಪಾಯದ ಗುರುತುಗಳೂ ಗೊತ್ತಿರಬೇಕು. ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು. ಇವಕ್ಕೆ ಬಯೋಫೀಡ್‌ಬ್ಯಾಕ್ ಅಲ್ಲ, ಸೀದಾ ಆಸ್ಪತ್ರೆ.

ಉಳಿದವರಲ್ಲಿ ಕಲಿಯಲು ಮನಸ್ಸಿರುವ ಹತ್ತು ಜನ ಸಿಕ್ಕರೆ ಸಾಕು. ಸಂಘದ ಹಾಲ್‌ನಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಸೇರಿ. ಕಲಿಸಲು ನಮ್ಮವರೇ ಎಷ್ಟೋ ಫಿಸಿಯೋಥೆರಪಿಸ್ಟ್‌ಗಳು, ಸೈಕಾಲಜಿಸ್ಟ್‌ಗಳು ಇದ್ದಾರೆ. ಲಕ್ವ ಹೊಡೆದವರ ಕೈಕಾಲಿಗೆ ಸ್ನಾಯುವಿನ ಬಯೋಫೀಡ್‌ಬ್ಯಾಕ್ ಬಳಸುವುದು ಫಿಸಿಯೋದವರಿಗೆ ಹೊಸದೇನಲ್ಲ. ಹತ್ತು ಥರ್ಮಾಮೀಟರಿನ ಖರ್ಚು ಒಂದು ಸನ್ಮಾನದ ಶಾಲು, ಹಾರ, ಫಲತಾಂಬೂಲಕ್ಕಿಂತ ಬಹಳ ಜಾಸ್ತಿಯಾಗಲಾರದು. ಮನೆಯ ಅಭ್ಯಾಸಕ್ಕೆ ಕನ್ನಡದಲ್ಲಿ, ತುಳುವಿನಲ್ಲಿ ಒಂದೊಂದು ಆಡಿಯೋ ಮಾಡಿ ವಾಟ್ಸ್‌ಆಪ್‌ನಲ್ಲಿ ಹಾಕಿ. ಇಂಗ್ಲಿಷ್ ಸೂಚನೆ ಅರ್ಥ ಮಾಡಿಕೊಳ್ಳಲು ಹೆಣಗುತ್ತಾ ಯಾರಿಗೂ ಮೈ ಸಡಿಲವಾಗುವುದಿಲ್ಲ. ಒಂದು ಕಡೆ ನಡೆದರೆ ಅದರ ದಾಖಲೆ ಹಿಡಿದು ಮುನಿಸಿಪಲ್ ಆಸ್ಪತ್ರೆಯ ಫಿಸಿಯೋ ವಿಭಾಗಕ್ಕೂ ಹೋಗಿ ಕೇಳಬಹುದು. ವಾರಕ್ಕೊಂದು ಮಧ್ಯಾಹ್ನ, ಓಪಿಡಿ ಮುಗಿದ ಮೇಲೆ, ಗುಂಪಿನಲ್ಲಿ ಕಲಿಸಿ ಅಂತ. ಬರಿಗೈಯಲ್ಲಿ ಹೋಗಿ ಕೇಳಿದರೆ ನೋಡೋಣ ಅನ್ನುತ್ತಾರೆ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಪ್ರತಿ ತಿಂಗಳ ಮೊದಲ ಭಾನುವಾರ ಪುರವಣಿಯ ಕೊನೆಯ ಪುಟದಲ್ಲಿ ಕಾಲು ಪುಟ ಜಾಗ ಕೊಟ್ಟು ತಲೆನೋವಿನ ಡೈರಿ ಅಚ್ಚು ಹಾಕಿ, ಕತ್ತರಿಸಿ ಇಟ್ಟುಕೊಳ್ಳುವ ಹಾಗೆ. ಕಾಲಂ ಜಾಸ್ತಿ ಬೇಡ. ತಾರೀಖು, ಎಷ್ಟು ಗಂಟೆ ನೋವು, ಯಾವ ಮಾತ್ರೆ ಎಷ್ಟು, ಆ ದಿನ ಊಟ ನಿದ್ದೆ ತಪ್ಪಿತ್ತಾ, ಅಭ್ಯಾಸ ಮಾಡಿದಿರಾ. ಹೆಂಗಸರಿಗೆ ಮುಟ್ಟಿನ ದಿನ ಗುರುತಿಸಲು ಒಂದು ಸಣ್ಣ ಚೌಕ, ಅದನ್ನು ನಾಚಿಕೊಂಡು ಬಿಡಬೇಡಿ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಕೇಳುವುದು ಇದನ್ನೇ, ನಮ್ಮವರು ಮೊದಲು ಮರೆಯುವುದೂ ಇದನ್ನೇ. ನಾನು ನನಗಾಗಿ ಮಾಡಿಕೊಂಡ ಹಾಳೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಗೆರೆ ಸ್ವಲ್ಪ ಸೊಟ್ಟಗಿದೆ, ನಿಮ್ಮ ಪುಟ ಕಟ್ಟುವವರು ಸರಿಮಾಡಿಕೊಳ್ಳಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಡೊಂಬಿವಲಿ ಪೂರ್ವ